ಒಂದೂವರೆ ಟನ್ ದೇವಿಗೆ ಯಾವ ಸ್ಪ್ರಿಂಗ್?

ಕೋವಿಡ್ ಗಲಾಟೆ ತಣ್ಣಗಾದ ವರ್ಷವದು. ವಾಹನ ತಯಾರಿಸುವ ಕಂಪನಿಯೊಂದರ ಷಾಸಿ ವಿಭಾಗದಲ್ಲಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದ ನಾನು ಉಡುಪಿಯ ಕಡಿಯಾಳಿಯಲ್ಲಿ ಮನೆ ಮಾಡಿ, ಕೇಳಿಕೊಂಡು ಬಂದವರಿಗೆ ಸಲಹೆ ಕೊಡುತ್ತಿದ್ದೆ. ಷಾಸಿ ಎಂದರೆ ಗಾಡಿಯ ಬೆನ್ನೆಲುಬು. ಅದಕ್ಕೂ ಚಕ್ರಗಳಿಗೂ ನಡುವೆ ನಿಂತು ಕುಲುಕಾಟ ತಡೆಯುವುದೇ ಸಸ್ಪೆನ್ಷನ್. ನೌಕರಿಯ ಉದ್ದಕ್ಕೂ ನಾನು ತಲೆ ಕೆಡಿಸಿಕೊಂಡದ್ದು ಅದೊಂದರ ಬಗ್ಗೆಯೇ. ನನ್ನ ಹೆಂಡತಿ ನನಗಿಟ್ಟ ಹೆಸರು ‘ಚಿಂತಾಮಣಿ’. ಮಣಿ ಎಲ್ಲೂ ಕಾಣುವುದಿಲ್ಲ, ಚಿಂತೆ ಮಾತ್ರ ಧಾರಾಳ ಉಂಟು ಎನ್ನುತ್ತಾಳೆ.

ಒಂದು ದಿನ ಕಾರ್ಕಳದ ಶಿಲ್ಪಿ ಸದಾಶಿವ ಆಚಾರ್ಯರು ಮನೆಗೆ ಬಂದರು. ಅವರ ಮೂರ್ತಿಗಳು ಹೆಚ್ಚಾಗಿ ಹೋಗುವುದು ಘಟ್ಟದ ಬುಡದ ಸಣ್ಣ ಗುಡಿಗಳಿಗೆ. ಅಲ್ಲಿಗೆ ಕೊನೆಯ ಒಂದೆರಡು ಮೈಲಿ ರಸ್ತೆ ಎಂಬುದೇ ಇರುವುದಿಲ್ಲ. ಹಿಂದಿನ ವರ್ಷ ಬಾಡಿಗೆ ಲಾರಿಯಲ್ಲಿ ಕಳಿಸಿದ್ದ ಮೂರ್ತಿಯೊಂದರ ಕಿರುಬೆರಳು ಮುರಿದಿತ್ತು. ಕಲ್ಲಿನ ದೇವರಿಗೆ ಕೂದಲೆಳೆಯಷ್ಟು ಬಿರುಕು ಬಿದ್ದರೂ ಅದು ‘ಭಿನ್ನ’. ಅಂಟಿಸುವ ಹಾಗಿಲ್ಲ, ಪ್ರತಿಷ್ಠೆ ಮಾಡುವ ಹಾಗಿಲ್ಲ, ನೀರಿಗೆ ಬಿಡಬೇಕು. ಈಗ ಅಂಥದೇ ಒಂದು ಗುಡಿಗೆ ಎಂಟು ಕೈಗಳ ಮಹಿಷಮರ್ದಿನಿ ಸಿದ್ಧವಾಗುತ್ತಿದ್ದಳು. ಆಚಾರ್ಯರ ದೃಷ್ಟಿ ಮಂದವಾಗುತ್ತಾ ಬಂದಿತ್ತು.

“ಇಷ್ಟು ಸೂಕ್ಷ್ಮದ ಕೆಲಸ ಈ ಕಣ್ಣಿಂದ ಇನ್ನೊಮ್ಮೆ ಆಗುವುದಿಲ್ಲ. ಇವಳು ಭಿನ್ನ ಆದರೆ ನನ್ನ ಉಳಿ ಕೆಳಗಿಟ್ಟ ಹಾಗೆಯೇ,” ಎಂದರು.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಹಳೆಯ ಪಿಕಪ್ ಒಂದನ್ನು ಅವರು ಕೊಂಡಿದ್ದರು. ಅದನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದವನು ಕಾಪುವಿನ ಹನೀಫ್. ದುಬೈಯಲ್ಲಿ ಮರಳುಗಾಡಿನ ಗಾಡಿಗಳನ್ನು ತಯಾರಿಸಿ ಪಳಗಿದ ಕೈ. ಎಲ್ಲ ಮುಗಿದು ಹಿಂಬದಿಯ ಸಸ್ಪೆನ್ಷನ್ ಯಾವುದೆಂಬ ಪ್ರಶ್ನೆಯೊಂದೇ ಉಳಿದಿತ್ತು. ಆಚಾರ್ಯರಿಗೆ ಬೇಕಾದದ್ದು ಮೆತ್ತಗಿನದು. ಹನೀಫನೂ ಸುರುಳಿ ಸುತ್ತಿದ ಉದ್ದನೆಯ ಕಾಯಿಲ್ ಸ್ಪ್ರಿಂಗಿನ ಪರ.

“ಕಾಯಿಲ್ ಹಾಕುವ ಸಾರ್. ಹಾಸಿಗೆಯಲ್ಲಿ ಮಲಗಿದ ಹಾಗೆ ಹೋಗ್ತದೆ.”

“ನಿನ್ನ ಮರಳುಗಾಡಿನಲ್ಲಿ ನೆಲವೇ ಹಾಸಿಗೆ ಮಾರಾಯ. ಇಲ್ಲಿ ಬರೀ ಗಟ್ಟಿ ಮುರಕಲ್ಲು, ಗುಂಡಿ,” ಎಂದೆ.

ನನ್ನ ಹೆದರಿಕೆ ಇಷ್ಟೇ. ಮೆತ್ತಗಿನ ಸ್ಪ್ರಿಂಗ್ ದೇವಿಯ ಒಂದೂವರೆ ಟನ್ ಹೊರೆಗೇ ಅರ್ಧ ಕುಸಿದಿರುತ್ತದೆ. ಆಮೇಲೆ ಚಕ್ರ ಗುಂಡಿಗೆ ಬಿದ್ದರೆ ಕುಸಿಯಲು ಜಾಗವೇ ಇರುವುದಿಲ್ಲ. ಆಗ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ನೇರವಾಗಿ ಹೋಗಿ ಷಾಸಿಯಡಿಯ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿಗೆ ಬಡಿಯುತ್ತದೆ. ಕಲ್ಲು ಸಣ್ಣ ಕುಲುಕಾಟಕ್ಕೆ ಒಡೆಯುವುದಿಲ್ಲ, ಅಂಥ ಒಂದೇ ಪೆಟ್ಟಿಗೆ ಒಡೆಯುತ್ತದೆ. ಆದ್ದರಿಂದ ನಾನು ಹಟ ಹಿಡಿದದ್ದು ಲೀಫ್ ಸ್ಪ್ರಿಂಗಿಗೆ, ಅಂದರೆ ಲಾರಿಗಳ ಹಿಂದೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿಗೆ. ಅದರ ಜೊತೆಗೆ ಹೊರೆ ಬಿದ್ದಾಗ ಮಾತ್ರ ಹೆಗಲು ಕೊಡುವ ಹೆಲ್ಪರ್ ಪಟ್ಟಿಗಳು.

ಕೊನೆಗೆ ನನ್ನ ಮಾತೇ ನಡೆದು ಗಾಡಿ ತಯಾರಾಯಿತು. ಕಾಪುವಿನಿಂದ ಉಡುಪಿಗೆ ಬರುವಾಗ ಆಚಾರ್ಯರು ಬೇಡವೆಂದರೂ ಕೇಳದೆ ಹಿಂದೆ ಕೂತರು. ಕಡಿಯಾಳಿಯಲ್ಲಿ ಇಳಿದು ಸೊಂಟ ಹಿಡಿದುಕೊಂಡು ನಿಂತರು.

“ನನ್ನ ಸೊಂಟವೇ ಭಿನ್ನ ಆಯಿತು ಇಂಜಿನಿಯರ್ರೇ! ಇನ್ನು ದೇವಿಯ ಗತಿ ಎಂತ?”

ಖಾಲಿ ಗಾಡಿ ಹಾಗೇ ಎಗರುತ್ತದೆ, ಭಾರ ಬಿದ್ದ ಮೇಲೆಯೇ ಅದು ತಗ್ಗುವುದು ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ನಿಜ ಹೇಳುವುದಾದರೆ ನನಗೂ ಪೂರ್ತಿ ಧೈರ್ಯ ಇರಲಿಲ್ಲ. ಮಣಿಪಾಲದಾಚೆ ಹಳೆಯ ಕಲ್ಲಿನ ಕೋರೆಯೊಂದರ ದಾರಿಯಲ್ಲಿ, ದೇವಿಯಷ್ಟೇ ತೂಕದ ಕೆತ್ತದ ಕಲ್ಲು ಹೇರಿ ಓಡಿಸಿದೆವು. ಬಂಪ್ ಸ್ಟಾಪಿಗೆ ಗ್ರೀಸ್ ಬಳಿದಿದ್ದೆ; ಆಕ್ಸಲ್ ತಾಗಿದರೆ ಗ್ರೀಸ್ ಅಳಿಸಿಹೋಗುತ್ತದೆ. ತಿರುಗಿ ಬಂದು ನೋಡಿದರೆ ಬಳಿದದ್ದು ಬಳಿದ ಹಾಗೇ ಇತ್ತು. ಆದರೂ ಮನಸ್ಸು ‘ಕೆತ್ತದ ಕಲ್ಲಿಗೆ ಕೈಬೆರಳು ಇಲ್ಲವಲ್ಲ’ ಎಂದು ಕುಟುಕುತ್ತಲೇ ಇತ್ತು.

ಹೊರಡುವ ದಿನ ದೇವಿಗೆ ಬೈಹುಲ್ಲು ಸುತ್ತಿ, ದಪ್ಪ ಮರಳಿನ ಮೇಲೆ ಮಲಗಿಸಿದೆವು. ಗ್ರೀಸನ್ನು ಮತ್ತೆ ಬಳಿದೆ. ಹನೀಫ್ ಚಾಲಕ, ಆಚಾರ್ಯರು ನಡುವೆ, ನಾನು ಬಾಗಿಲ ಪಕ್ಕ. ಡಾಂಬರು ಮುಗಿಯುವವರೆಗೆ ಹನೀಫ್ ಮಾತಾಡುತ್ತಿದ್ದ. ಆಮೇಲೆ ಗುಂಡಿಗಳನ್ನು ತಪ್ಪಿಸುವುದರಲ್ಲೇ ಮುಳುಗಿದ. ಗುಡಿಗೆ ಸ್ವಲ್ಪ ಮೊದಲು ನೀರು ಬತ್ತಿದ ತೋಡೊಂದಕ್ಕೆ ಇಳಿಯುವಾಗ ಹಿಂದಿನ ಚಕ್ರ ಬಂಡೆಯಿಂದ ಜಾರಿ ಬಿತ್ತು. ಹಿಂದಿನಿಂದ ‘ಧಡ್’ ಎಂದು ಸದ್ದು. ಆಚಾರ್ಯರು ಕಣ್ಣು ಮುಚ್ಚಿಕೊಂಡರು.

ಗುಡಿಯೆದುರು ಗಾಡಿ ನಿಂತ ಕೂಡಲೇ ನಾನು ಅದರಡಿಗೆ ತೂರಿದೆ. ಒಂದು ಬದಿಯ ಗ್ರೀಸ್ ಅಳಿಸಿಹೋಗಿತ್ತು. ಆಕ್ಸಲ್ ಮೆಲ್ಲಗೆ ತಾಗಿತ್ತೋ, ಬಡಿದಿತ್ತೋ? ಗ್ರೀಸ್ ಅದನ್ನು ಹೇಳುವುದಿಲ್ಲ. ಎದ್ದು ಬಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಆಚಾರ್ಯರು ಹುಲ್ಲು ಬಿಡಿಸಿದರು. ಎಂಟು ಕೈಗಳೂ, ಬೆರಳುಗಳೂ ಇದ್ದವು. ಆದರೆ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಬೊಕ್ಕೆಂದು ಸದ್ದು ಮಾಡುತ್ತದೆ. ಆಚಾರ್ಯರು ಸುತ್ತಿಗೆ ಎತ್ತಿದರು. ತಟ್ಟದೆ ಅದನ್ನು ನನ್ನ ಕಡೆ ಚಾಚಿದರು.

“ನನ್ನಿಂದ ಆಗುವುದಿಲ್ಲ. ಸ್ಪ್ರಿಂಗ್ ನೀವು ಹೇಳಿದ್ದಲ್ವಾ? ನೀವೇ ತಟ್ಟಿ.”

ಪೀಠ ತಟ್ಟಿದೆ, ನುಡಿಯಿತು. ಭುಜ ತಟ್ಟಿದೆ, ನುಡಿಯಿತು. ಕೊನೆಗೆ ಅವರು ತೋರಿಸಿದ್ದು ತ್ರಿಶೂಲ ಹಿಡಿದ ಕೈ, ಎಲ್ಲಕ್ಕಿಂತ ಸಪೂರದ್ದು. ಇನ್ನೂ ಮೆಲ್ಲಗೆ ತಟ್ಟಿದೆ. ಸಣ್ಣಗೆ, ಸ್ಪಷ್ಟವಾಗಿ, ಟಿಣ್ ಎಂದಿತು. ಆಚಾರ್ಯರು ಅಲ್ಲೇ ನೆಲದ ಮೇಲೆ ಕೂತು ಮಗುವಿನಂತೆ ಅತ್ತುಬಿಟ್ಟರು.

ನೌಕರಿಯಲ್ಲಿ ನಾನು ಸಹಿ ಹಾಕಿದ ಡ್ರಾಯಿಂಗುಗಳಿಗೆ ಲೆಕ್ಕವಿಲ್ಲ. ಆ ಗಾಡಿಗಳು ಮೊದಲ ಹೊರೆ ಹೊತ್ತ ದಿನ ನಾನು ಫ್ಯಾನಿನಡಿ ಕೂತು ಮುಂದಿನ ಡ್ರಾಯಿಂಗ್ ನೋಡುತ್ತಿದ್ದೆ. ಕೆಲಸದ ಕ್ರಮವೇ ಹಾಗಿತ್ತು. ಸಲಹೆ ಕೊಟ್ಟವನೇ ಸುತ್ತಿಗೆ ಹಿಡಿದು ತಟ್ಟಬೇಕು ಎಂಬುದನ್ನು ಈ ಕಸುಬು ನನಗೆ ಕಲಿಸಿದ್ದು ನಿವೃತ್ತಿಯಾದ ಮೇಲೆ. ಈಗ ನಾನು ಸಲಹೆ ಕೊಟ್ಟ ಪ್ರತಿ ಗಾಡಿಯ ಮೊದಲ ಹೊರೆಯ ಜೊತೆ ನಾನೂ ಹೋಗುತ್ತೇನೆ. ಹೆದರಿಕೆ ಕಡಿಮೆಯಾಗಿದೆ ಎಂದಲ್ಲ. ಅದನ್ನು ಗಾಡಿಯ ಯಜಮಾನನೊಬ್ಬನೇ ಹೊರುವುದು ನ್ಯಾಯವಲ್ಲ ಎಂದು.