ಕೊನೆಯಲ್ಲಿ ಇಳಿದ ತಂತಿ

ಇನ್ನೂ ಮಬ್ಬುಗತ್ತಲು. ಕಸಾಯಿಖಾನೆಯ ಹಿಂಬಾಗಿಲಿನಿಂದ ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಹೆಂಗಸೊಬ್ಬರು ಹೊರಗೆ ಬರುತ್ತಾರೆ. ಒಂದು ಬಕೆಟ್ ಹಳೆಯದು, ಅಂಚು ಸೀಳಿದೆ. ಇನ್ನೊಂದು ನೀಲಿ ಬಣ್ಣದ ಹೊಸದು, ಅಂಗಡಿಯ ಚೀಟಿಯನ್ನೂ ಕಿತ್ತಿಲ್ಲ. ಎರಡರಲ್ಲೂ ಆಗಷ್ಟೇ ತೆಗೆದ ಕುರಿಯ ಕರುಳು. ಚಳಿಗೆ ಸಣ್ಣಗೆ ಹಬೆಯಾಡುತ್ತಿದೆ. ಬೀದಿನಾಯಿಗಳೆರಡು ಹಿಂದೆಯೇ ಹೆಜ್ಜೆ ಹಾಕುತ್ತವೆ.

"ಕೊಡಲ್ಲ ಅಂತ ಇವಕ್ಕೂ ಗೊತ್ತು. ಆದ್ರೂ ದಿನಾ ಬಾಗಿಲವರೆಗೆ ಬಿಟ್ಟು ಹೋಗ್ತವೆ. ಈ ಹೊತ್ತಲ್ಲಿ ನನ್ನ ಪಕ್ಕ ನಡೆಯೋ ಧೈರ್ಯ ಇವಕ್ಕೆ ಮಾತ್ರ" ಎಂದು ಅವರು ನಗುತ್ತಾರೆ.

ಬೀದಿಯವರ ಬಾಯಲ್ಲಿ ಇವರು ತಂತಿಯಕ್ಕ. ವಾದ್ಯಗಳಿಗೆ ಕರುಳಿನ ತಂತಿ ಹೊಸೆಯುವುದು ಇವರ ಕಸುಬು. ವಯಸ್ಸು ಅರವತ್ತು ದಾಟಿದೆ. ಮನೆಯ ಹಿಂದೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಅಲ್ಲಿ ತಂಗಿ ಆಗಲೇ ತೊಟ್ಟಿಗೆ ನೀರು ತುಂಬಿಸಿ ಕಾಯುತ್ತಿರುತ್ತಾರೆ. ಬಿಸಿಲೇರುವ ಮೊದಲು ಕರುಳು ತೊಳೆದಾಗಬೇಕು. ತಡವಾದರೆ ವಾಸನೆ ತಾಳದೆ ಎದುರು ಮನೆಯ ದರ್ಜಿ ಕಿಟಕಿ ಬಡಿದು ಮುಚ್ಚುತ್ತಾನೆ. ಆ ಸದ್ದೇ ಇವರಿಗೆ ಗಡಿಯಾರ.

ತೊಳೆದ ಕರುಳನ್ನು ಹಲಗೆಯ ಮೇಲೆ ಹಾಸಿ, ಚಾಕುವಿನ ಬೆನ್ನಿನಿಂದ ಕೊಬ್ಬು ಹೆರೆಯುತ್ತಾರೆ. ಬೂದಿನೀರಿನಲ್ಲಿ ಒಂದು ವಾರ ನೆನೆಹಾಕುತ್ತಾರೆ, ದಿನಕ್ಕೆರಡು ಸಲ ನೀರು ಬದಲಿಸುತ್ತಾರೆ. ಆಮೇಲೆ ಉದ್ದಕ್ಕೆ ಸೀಳಿ, ಎಳೆಗಳನ್ನು ಜೋಡಿಸಿ, ಒದ್ದೆಯಿರುವಾಗಲೇ ಚಕ್ರಕ್ಕೆ ಕಟ್ಟಿ ಹೊಸೆಯಬೇಕು. ಚಕ್ರ ತಿರುಗಿಸುವವರು ತಂಗಿ. ಎಳೆಯ ಮೇಲೆ ಬೆರಳಿಟ್ಟು "ಸಾಕು" ಅನ್ನುವವರು ಅಕ್ಕ. ಹೊಸೆದದ್ದನ್ನು ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿ ಒಣಗಿಸುತ್ತಾರೆ. ಒಣಗಿದ ಮೇಲೆ ಒರಟು ಬಟ್ಟೆಯಲ್ಲಿ ಉಜ್ಜಿ ನಯ ಮಾಡುವುದು ಕೊನೆಯ ಕೆಲಸ.

ಅಪ್ಪನ ಕಾಲದಲ್ಲಿ ಇದೇ ಕೋಣೆಯಲ್ಲಿ ಆರು ಜನ ದುಡಿಯುತ್ತಿದ್ದರು. ನೈಲಾನ್ ಬಂತು, ಉಕ್ಕಿನ ತಂತಿ ಬಂತು. ಈಗ ಉಳಿದವರು ಅಕ್ಕತಂಗಿಯರಿಬ್ಬರೇ. ತಂತಿಯಕ್ಕ ಮದುವೆಯಾಗಿಲ್ಲ. ಕಾರಣ ಕೇಳಿದರೆ ತಂಗಿಯೇ ಬಾಯಿ ಹಾಕುತ್ತಾರೆ: "ನೋಡೋಕೆ ಬಂದ ಗಂಡು ಬಾಗಿಲಲ್ಲೇ ಮೂಗು ಮುಚ್ಕೊಂಡ. ಇವಳು, 'ಒಳಗೆ ಬಂದ್ರೆ ಇನ್ನೂ ಜಾಸ್ತಿ ಇದೆ, ಬನ್ನಿ' ಅಂದ್ಲು!"

"ಸುಳ್ಳು ಹೇಳೋಕೆ ಆಗುತ್ತಾ?" ಎನ್ನುತ್ತಾರೆ ಅಕ್ಕ, ಕೈಕೆಲಸ ನಿಲ್ಲಿಸದೆ.

ಕಳೆದ ಮಳೆಗಾಲಕ್ಕೆ ಮುಂಚೆ ತಂಗಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕೋಣೆಯನ್ನು ವಾಷಿಂಗ್ ಮೆಷಿನ್ ರಿಪೇರಿಯವನಿಗೆ ಬಾಡಿಗೆಗೆ ಕೊಡೋಣ, ಇನ್ನು ಈ ಕಸುಬು ಸಾಕು ಎಂದು. ಆತ ಬಂದು ನೋಡಿಕೊಂಡೂ ಹೋಗಿದ್ದ. ಅದೇ ವಾರ ಗಿಟಾರು, ಡ್ರಮ್ ಬಾರಿಸುವ ರಾಕ್ ತಂಡವೊಂದರ ಹಾಡುಗಾರ್ತಿ ಹುಡುಗಿ ವಿಳಾಸ ಹುಡುಕಿಕೊಂಡು ಬಂದಳು. ಏಳೆಂಟು ನೂರು ವರ್ಷ ಹಿಂದಿನ ಧಾಟಿಗಳನ್ನೂ ಜನಪದ ಹಾಡುಗಳನ್ನೂ ಸೇರಿಸಿ ಅವರೊಂದು ಆಲ್ಬಮ್ ಮಾಡುತ್ತಿದ್ದರು. ಕಮಾನು ಎಳೆದು ನುಡಿಸುವ ಮೂರು ತಂತಿಯ ಹಳೆಯ ಮಾದರಿಯ ವಾದ್ಯವನ್ನು ಬಡಗಿಯಿಂದ ಮಾಡಿಸಿದ್ದರು. ಅದನ್ನು ನುಡಿಸುವವಳೂ ಅವಳೇ; ಅದಕ್ಕೆ ಕರುಳಿನ ತಂತಿಯೇ ಬೇಕು ಎಂಬುದು ಅವಳ ಹಟ. ಸರಿಬರದಿದ್ದರೆ ನೈಲಾನ್ ಎಂಬುದು ತಂಡದ ಉಳಿದವರ ತೀರ್ಮಾನ.

"ಇದೊಂದು ನೋಡೋಣ. ಒಪ್ಪಿದ್ರೆ ಕಸುಬು ಇರ್ಲಿ, ವಾಪಸ್ ಕಳ್ಸಿದ್ರೆ ಬೀಗ" ಎಂದರು ತಂಗಿ. ಅಕ್ಕ ತಲೆಯಾಡಿಸಿದರು.

ತಂತಿಗಳು ವಾಪಸ್ ಬಂದವು.

ತಪ್ಪು ತಂತಿಯಕ್ಕನದೇ. ರೆಕಾರ್ಡಿಂಗ್ ಎಂದು ಕೇಳಿ, ಮಾಮೂಲಿಗಿಂತ ಎರಡು ದಿನ ಹೆಚ್ಚಿಗೆ ಉಜ್ಜಿದ್ದರು. ಸಾಲದೆಂದು ಎಣ್ಣೆಯನ್ನೂ ಧಾರಾಳವಾಗಿ ಹಚ್ಚಿದ್ದರು. ತಂತಿ ಗಾಜಿನ ಹಾಗೆ ಹೊಳೆಯಿತು. ಕಮಾನು ಅದರ ಮೇಲೆ ನಿಲ್ಲದೆ ಜಾರಿತು, ದನಿ ಹೊರಡಲೇ ಇಲ್ಲ. "ಫೋಟೋ ತೆಗೆಸೋಕೆ ಹೋಗೋ ಹಾಗೆ ಸಿಂಗಾರ ಮಾಡಿ ಕಳ್ಸಿದ್ಲು" ಎಂದು ತಂಗಿ ಈಗಲೂ ಚುಚ್ಚುತ್ತಾರೆ. ಆವತ್ತು ಮಾತ್ರ ಚುಚ್ಚಲಿಲ್ಲವಂತೆ. ಬೀಗದ ಕೈ ತಂದು ಹಲಗೆಯ ಮೇಲಿಟ್ಟು ಒಳಗೆ ಹೋದರಂತೆ.

ಹುಡುಗಿ ಹೊಸಿಲು ಬಿಟ್ಟು ಕದಲಲಿಲ್ಲ. "ಅಮ್ಮಾ, ಇನ್ನೊಂದ್ಸಲ ಮಾಡಿಕೊಡಿ. ಆ ಹಾಡನ್ನ ಕೊನೆಗೆ ಇಟ್ಕೊಂಡು ಕಾಯ್ತೀನಿ" ಎಂದಳು. ಹೊರಗೆ ಮಳೆ ಹಿಡಿದಿತ್ತು; ತೇವದ ಗಾಳಿಗೆ ಕರುಳು ಒಣಗುವುದಿಲ್ಲ. ತಂತಿಯಕ್ಕ ಕೋಣೆಯಲ್ಲಿ ಇದ್ದಿಲ ಒಲೆ ಹಚ್ಚಿ, ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಹೊಸೆಯುವ ದಿನ ಚಕ್ರ ತಿರುಗಿಸಲು ತಂಗಿ ಬರುವುದಿಲ್ಲವೆಂದೇ ಅಂದುಕೊಂಡಿದ್ದರು. ತಂಗಿ ಬಂದರು. "ನಿನಗಲ್ಲ, ಆ ಹುಡುಗಿಗೆ" ಎಂದು ಚಕ್ರದ ಮುಂದೆ ಕೂತರು. ಈ ಸಲ ಎಣ್ಣೆಯ ಬಾಟಲಿಯನ್ನು ತಂಗಿಯೇ ಎತ್ತಿ ಬೀರುವಿನೊಳಗೆ ಇಟ್ಟರು.

ಆಲ್ಬಮ್ ಬಂದು ತಿಂಗಳಾಯಿತು. ನಾನು ಅವರನ್ನು ನೋಡಲು ಹೋಗಿದ್ದ ದಿನವೂ ತಂಗಿ ಮೊಬೈಲನ್ನು ಖಾಲಿ ಬಕೆಟಿನೊಳಗೆ ಇಟ್ಟು ಆ ಕೊನೆಯ ಹಾಡು ಹಾಕಿದರು. ಹಾಗಿಟ್ಟರೆ ಸದ್ದು ತುಂಬಿಕೊಂಡು ಬರುತ್ತದೆ. ಮೊದಲು ತಂತಿಯೊಂದೇ ಕೇಳುತ್ತದೆ, ಸ್ವಲ್ಪ ಒರಟಾಗಿ, ಗಂಟಲು ಕಟ್ಟಿದವರ ಮಾತಿನಂತೆ. ಆಮೇಲೆ ಡ್ರಮ್, ಆಮೇಲೆ ಹುಡುಗಿಯ ಹಾಡು. ಕೊನೆಗೆ ಮತ್ತೆ ತಂತಿ. ಅಲ್ಲಿ ಶ್ರುತಿ ಒಂದು ಕೂದಲಿನಷ್ಟು ಇಳಿಯುತ್ತದೆ.

"ಇಳೀತು, ಕೇಳಿಸ್ತಾ?" ತಂತಿಯಕ್ಕ ಚಾಕು ಕೆಳಗಿಟ್ಟರು. "ರೆಕಾರ್ಡಿಂಗ್ ಕೋಣೆ ತುಂಬ ಜನ ಇದ್ದಿರ್ತಾರೆ. ಉಸಿರಿನ ತೇವಕ್ಕೆ ಕರುಳು ಸಡಿಲ ಆಗುತ್ತೆ. ಇನ್ನೊಂದ್ಸಲ ನುಡಿಸು ಅಂದ್ರಂತೆ, ಆ ಹುಡುಗಿ ಒಪ್ಲಿಲ್ವಂತೆ. ನೈಲಾನ್ ಆಗಿದ್ರೆ ಇಳೀತಿರ್ಲಿಲ್ಲ. ಅದು ನಮ್ದೇ."

ಆ ನೀಲಿ ಬಕೆಟ್ ತಂದವರು ನೀವೇ ಅಲ್ಲವೇ ಎಂದು ತಂಗಿಯನ್ನು ಕೇಳಿದೆ. "ಹಳೇದು ಸೋರ್ತಿತ್ತು, ಅದಕ್ಕೆ" ಎಂದರು. ಹಳೆಯದನ್ನೂ ಬಿಸಾಡದೆ ಈಗ ಎರಡೆರಡು ಬಕೆಟ್ ಕರುಳು ತರಿಸುತ್ತೀರಲ್ಲ ಎಂದರೆ, ತಿರುಗಿ ಕೂತು ತೊಟ್ಟಿಯ ನೀರು ಬದಲಿಸತೊಡಗಿದರು. ರಿಪೇರಿಯವನು ಬೇರೆ ಕಡೆ ಅಂಗಡಿ ಹುಡುಕಿಕೊಂಡಿದ್ದಾನೆ.

ಇನ್ನೇನು ಆಸೆ ಎಂದು ತಂತಿಯಕ್ಕನನ್ನು ಕೇಳಿದೆ. ಅವರು ಗೋಡೆಯಿಂದ ಗೋಡೆಗೆ ಬಿಗಿದಿದ್ದ ಒಂದು ತಂತಿಯನ್ನು ಬೆರಳಿನಿಂದ ಮೀಟಿ, ಕಿವಿಗೊಟ್ಟು, ಆಮೇಲೆ ಹೇಳಿದರು:

"ಆ ಹುಡುಗಿ ಚೆನ್ನಾಗಿ ಜೋರಾಗಿ ನುಡಿಸ್ಲಿ. ತಂತಿ ಹರೀಲಿ. ಹರಿದ್ರೆ ತಾನೇ ಮತ್ತೆ ಬರ್ತಾಳೆ."