ಒಂಬತ್ತು ಅಕ್ಷರ, ಒಬ್ಬ ಶಿಕ್ಷಕಿ

ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಉದ್ದನೆಯ ಕೋಣೆಯೊಂದಿತ್ತು. ಮೂವತ್ತೊಂದು ವರ್ಷ ಅಲ್ಲಿ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರರ ಬಿಳಿಯ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡಾಗ ಏಳನೇ ತರಗತಿಗೆ ಶಾಲೆ ಬಿಟ್ಟವಳು. ತಮ್ಮನನ್ನು ಎತ್ತಿ ಆಡಿಸಿ, ಓದಿಸಿ, ಇಂಗ್ಲಿಷ್ ಮೇಷ್ಟ್ರನ್ನಾಗಿ ಮಾಡುವುದರಲ್ಲಿ ಅವಳ ಮದುವೆಯ ವಯಸ್ಸು ಹೇಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ. ಈಗ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು.

ವಾರ್ಡುಗಳಲ್ಲಿ ಓದಿ ಬಿಟ್ಟ ಹಳೆಯ ಪೇಪರುಗಳು ಕಪಾಟುಗಳಿಗೆ ಹಾಸಲು ಅವಳ ಕೋಣೆಗೆ ಬರುತ್ತಿದ್ದವು. ಭಾನುವಾರದ ಪುಟದ ಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಒಂಬತ್ತು ಮನೆ, ಒಂಬತ್ತು ಇಂಗ್ಲಿಷ್ ಅಕ್ಷರ. ನಡುವಿನ ಅಕ್ಷರವನ್ನು ಬಿಡದೆ ಎಷ್ಟು ಪದ ಕಟ್ಟಬಲ್ಲಿರಿ ಎಂಬುದು ಪ್ರಶ್ನೆ. ಮೊದಲ ಸಲ ಅವಳು ಸುಮ್ಮನೆ ಕಣ್ಣಾಡಿಸಿದಳು. ಎಸ್, ಟಿ, ಒ, ಎನ್, ಇ ಕಂಡವು. ಸ್ಟೋನ್ ಆಯಿತು. ಅದನ್ನೇ ತಿರುವಿದರೆ ನೋಟ್ಸ್ ಬಂತು, ಮತ್ತೊಮ್ಮೆ ತಿರುವಿದರೆ ಟೋನ್ಸ್. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒಂದು ದಿಂಬಿನ ಚೀಲ ಕಂದು ಬಣ್ಣಕ್ಕೆ ತಿರುಗಿದ್ದು ಆಮೇಲೆ ಗೊತ್ತಾಯಿತು.

ಮೂಲೆಗೆ ತಮ್ಮ ಎಸೆದಿದ್ದ, ರಟ್ಟು ಕಿತ್ತುಹೋದ ನಿಘಂಟನ್ನು ಎತ್ತಿಕೊಂಡಳು. ಪದ ಮೊದಲು ಕೈಯಲ್ಲಿ ಹುಟ್ಟುತ್ತಿತ್ತು, ಅರ್ಥ ಆಮೇಲೆ ಸಿಗುತ್ತಿತ್ತು. ಒಂದು ಸಲ ಪೇಪರಿನವರು ಕೊಟ್ಟ ಉತ್ತರದಲ್ಲಿ ಇಪ್ಪತ್ತಾರು ಪದಗಳಿದ್ದವು, ಅವಳ ಚೀಟಿಯಲ್ಲಿ ಮೂವತ್ತೊಂದು. ಧೈರ್ಯ ಮಾಡಿ ಕಾಗದ ಬರೆದಳು: ‘ತಾವು ಆನ್‌ಸೆಟ್ ಎಂಬ ಪದ ಬಿಟ್ಟಿದ್ದೀರಿ. ಇನ್ನೂ ನಾಲ್ಕಿವೆ.’ ಸಹಿ ಹಾಕುವಾಗ ಕೈ ತಡೆಯಿತು. ಇಸ್ತ್ರಿ ಹಾಕುವವಳ ಮಾತನ್ನು ಯಾರು ಕೇಳಿಯಾರು? ‘ಒಬ್ಬ ಶಿಕ್ಷಕಿ’ ಎಂದು ಬರೆದು, ಮನೆಯ ವಿಳಾಸ ಕೊಟ್ಟು, ಅಂಚೆಗೆ ಹಾಕಿದಳು.

ಹತ್ತು ದಿನಕ್ಕೆ ಉತ್ತರ ಬಂತು. ಒಗಟು ಮಾಡುವ ಯಜಮಾನರು ತಮ್ಮ ಕೈಯಾರೆ ಬರೆದಿದ್ದರು: ‘ಶಿಕ್ಷಕಿಯವರೇ, ನಿಮ್ಮೆದುರು ನಾನು ವಿದ್ಯಾರ್ಥಿ. ಐದಕ್ಕೆ ಐದೂ ಸರಿ.’ ಆ ಕಾಗದವನ್ನು ಅವಳು ಎಷ್ಟು ಸಲ ಓದಿದಳೋ. ಅಲ್ಲಿಂದ ಆರು ವರ್ಷ ಕಾಗದಗಳು ಹೋದವು, ಬಂದವು. ಅವರು ಒಗಟು ಅಚ್ಚಾಗುವ ಮೊದಲೇ ಕಳಿಸುವರು, ಇವಳು ತಪ್ಪು ಹುಡುಕಿ ಕಳಿಸುವಳು. ಒಮ್ಮೆ ಅವರು ‘ನಿಮ್ಮ ಶಾಲೆಯ ಮಕ್ಕಳು ಪುಣ್ಯವಂತರು’ ಎಂದು ಬರೆದಾಗ ಅವಳಿಗೆ ಊಟ ಸೇರಲಿಲ್ಲ. ನಿಜ ಹೇಳಿಬಿಡಬೇಕೆಂದು ಮೂರು ಸಲ ಕಾಗದ ಬರೆದಳು, ಮೂರು ಸಲವೂ ಹರಿದು ಹಾಕಿದಳು.

ಕೊನೆಕೊನೆಗೆ ಅವರ ಅಕ್ಷರ ದೊಡ್ಡದಾಗುತ್ತಾ, ಸಾಲು ಬಿಟ್ಟು ಏರಿಳಿಯುತ್ತಾ ಹೋಯಿತು. ಆಮೇಲೆ ಕಾಗದ ನಿಂತಿತು. ಒಂದು ಭಾನುವಾರ ಚೌಕದ ಜಾಗದಲ್ಲಿ ಸಿನಿಮಾ ಸುದ್ದಿ ಇತ್ತು. ಮುಂದಿನ ಭಾನುವಾರವೂ ಅದೇ. ಅವಳು ಬರೆದ ಎರಡು ಕಾಗದಗಳಿಗೆ ಉತ್ತರವಿಲ್ಲ.

ಊಟಕ್ಕೆ ಕುಳಿತಾಗ ತಮ್ಮ ಅವಳ ಮುಖ ನೋಡಿ ಕೇಳಿದ, “ಏನಕ್ಕ, ಒಂದು ವಾರದಿಂದ ಹೀಗಿದೀಯ?”

“ಪೇಪರಲ್ಲಿ ಆ ಅಕ್ಷರದ ಚೌಕ ಬರ್ತಿಲ್ಲ ಕಣೋ.”

ತಮ್ಮ ತುತ್ತು ಕಲಸುವುದನ್ನು ನಿಲ್ಲಿಸಿದ. “ಮೂರು ವಾರದ ಹಿಂದೆ ಒಬ್ಬ ಮುದುಕರು ಬಂದಿದ್ರು. ಕಪ್ಪು ಕನ್ನಡಕ, ಕೈಯಲ್ಲಿ ಕೋಲು. ನಿನ್ನ ಕಾಗದ ತೋರಿಸಿ, ಇದನ್ನ ಬರೆದ ಟೀಚರಮ್ಮ ಇದಾರಲ್ಲ, ಅವರ ಹತ್ರ ಮಾತಾಡ್ಬೇಕು ಅಂದ್ರು.”

“ನೀನೇನಂದೆ?”

“ಈ ಮನೇಲಿ ಟೀಚರ್ ನಾನೊಬ್ನೇ, ಬೇರೆ ಯಾರೂ ಇಲ್ಲ ಅಂದೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀ ಯಾಕೆ ಹಾಗೆ ಬರ್ಕೊಂಡೆ?” ಅವನ ದನಿ ಏರಿತು. “ನಾನು ಹಗಲೂ ರಾತ್ರಿ ಓದಿ ತಗೊಂಡ ಹೆಸರು ಅದು. ನೀನು ಒಂದು ಗೀಟಲ್ಲಿ ಬರ್ಕೊಂಡ್ಬಿಟ್ಟೆ.”

ಅವನ ಓದಿನ ಹಿಂದೆ ಯಾರಿದ್ದರು ಎಂದು ಅವಳು ಅನ್ನಲಿಲ್ಲ. ಕೈ ತೊಳೆದುಕೊಂಡು ಎದ್ದುಹೋದಳು.

ಮರುದಿನ ರಜೆ ಹಾಕಿ, ಕಾಗದದ ಮೇಲಿನ ವಿಳಾಸ ಹಿಡಿದು, ಎರಡು ಬಸ್ಸು ಬದಲಿಸಿ ಹೋದಳು. ಮಹಡಿಯ ಸಣ್ಣ ಮನೆ. ಯಜಮಾನರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕಣ್ಣು ಪೂರ್ತಿ ಹೋಗಿತ್ತು.

“ನಾನು... ಆನ್‌ಸೆಟ್ ಬರೆದವಳು,” ಎಂದಳು.

ಮುದುಕರು ತಡವರಿಸುತ್ತ ಎದ್ದು ನಿಂತರು. “ಟೀಚರಮ್ಮ!”

“ಅಲ್ಲ ಯಜಮಾನ್ರೇ. ದೊಡ್ಡಾಸ್ಪತ್ರೇಲಿ ಬಟ್ಟೆ ಇಸ್ತ್ರಿ ಹಾಕ್ತೀನಿ. ಓದಿದ್ದು ಏಳನೇ ಕ್ಲಾಸು.”

ಅವರು ಕುರ್ಚಿಯ ಕೈ ತಡವಿ ಮತ್ತೆ ಕುಳಿತರು. ಬೈದರೆ ಬೈಸಿಕೊಳ್ಳೋಣ ಎಂದು ಅವಳು ಸೆರಗಿನ ತುದಿ ಹಿಡಿದು ನಿಂತಿದ್ದಳು.

“ಚೌಕ ನಿಮ್ಮ ಕೈಗೆ ಒಪ್ಪಿಸ್ಬೇಕು ಅಂತ ಬಂದಿದ್ದೆ. ಪೇಪರಿನೋರ ಹತ್ರ ಮಾತೂ ಆಗಿತ್ತು. ನೀವು ಸಿಗ್ಲಿಲ್ಲ, ಬೇರೆ ಯಾರ್ಗೂ ಕೊಡೋಕೆ ಮನಸ್ಸು ಬರ್ಲಿಲ್ಲ, ನಿಲ್ಲಿಸ್ಬಿಡಿ ಅಂದೆ,” ಎಂದರು. ಆಮೇಲೆ ಮೆಲ್ಲಗೆ, “ಹೇಳಿದ್ರೆ ಆಸ್ಪತ್ರೆಗೇ ಬರ್ತಿದ್ದೆನಲ್ಲಮ್ಮ. ತಿಂಗಳಿಗೆರಡು ಸಲ ಅಲ್ಲಿಗೇ ಕಣ್ಣು ತೋರಿಸೋಕೆ ಬರ್ತಿದ್ದವನು ನಾನು.”

ಅವಳಿಗೆ ಅಳು ಒತ್ತರಿಸಿ ಬಂತು. ಅವರು ಬಂದುಹೋಗುತ್ತಿದ್ದ ಕಣ್ಣಿನ ವಾರ್ಡಿನ ಬಟ್ಟೆಯೂ ಅವಳ ಮೇಜಿನ ಮೇಲೇ ಮಡಿಕೆಯಾಗುತ್ತಿತ್ತು.

ಆ ಮೇಲೆ ನಾಲ್ಕು ತಿಂಗಳು ಪ್ರತಿ ಭಾನುವಾರ ಹೋದಳು. ಒಂಬತ್ತು ಅಕ್ಷರಗಳನ್ನು ಅವಳು ಹೇಳುವಳು, ಅವರು ಬೆರಳು ಮಡಿಸಿ ಎಣಿಸುತ್ತ ಪದ ಹೇಳುವರು. ಮೊದಮೊದಲು ಇಪ್ಪತ್ತು ದಾಟುತ್ತಿತ್ತು. ಬರಬರುತ್ತ ನಡುವಿನ ಅಕ್ಷರವೇ ಮರೆತುಹೋಗುತ್ತಿತ್ತು. “ಯಾವುದಮ್ಮ ಅದು?” ಎಂದು ಕೇಳುವರು. ಅವಳು ಬೇಸರಿಸದೆ ಮತ್ತೆ ಹೇಳುವಳು. ಕಡೆಯ ಭಾನುವಾರ ಒಂದೇ ಒಂದು ಪದವೂ ಹೊಳೆಯದೆ ಅವಳ ಕೈ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದರು.

ಅವರು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ತಮ್ಮ ಸ್ಕೂಟರ್ ಹೊರತೆಗೆದು ಅವಳನ್ನು ಕೂರಿಸಿಕೊಂಡು ಹೋದ. ಒಳಗೆ ಬರಲಿಲ್ಲ. ಎಲ್ಲ ಮುಗಿಯುವವರೆಗೂ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ.

ಅವಳು ಹೊರಗೆ ಬಂದಾಗ, “ಹತ್ತಕ್ಕ,” ಎಂದ.

“ನೀ ಹೋಗಿರು. ನಾ ನಡ್ಕೊಂಡು ಬರ್ತೀನಿ.”

ಮನೆ ಆರು ಮೈಲಿ ದೂರ. ಅವಳು ಹಿಂದೆ ತಿರುಗದೆ ನಡೆದಳು. ತಮ್ಮ ಸ್ಕೂಟರ್ ಚಾಲೂ ಮಾಡದೆ, ಅದನ್ನು ತಳ್ಳಿಕೊಂಡು ದಾರಿಯುದ್ದಕ್ಕೂ ಅವಳ ಹಿಂದೆಯೇ ಬಂದ.