ಐಡ್ಲಿಂಗ್ ಮೇಷ್ಟ್ರ ಗೋಡೆ

ಓಡುವಾಗ ಎಲ್ಲ ಗಾಡಿಗಳೂ ಚೆನ್ನಾಗಿಯೇ ಇರುತ್ತವೆ, ನಿಂತಾಗಲೇ ಅವುಗಳ ಬಂಡವಾಳ ಬಯಲಾಗುವುದು ಎಂದು ನನ್ನ ತಮ್ಮ ಹೇಳುತ್ತಾನೆ. ಮನುಷ್ಯರೂ ಹಾಗೆಯೇ ಎಂದು ಸೇರಿಸುತ್ತಾನೆ, ಅದೂ ನನ್ನ ಕಡೆ ನೋಡಿಕೊಂಡು. ಕೆಲಸವಿಲ್ಲದೆ ಕೂತರೆ ನನಗೆ ಸಿಟ್ಟು ಬರುವುದು ನಿಜ. ಕೆಲಸವಿದ್ದಾಗಲೂ ಬರುತ್ತದೆ, ಅದು ಬೇರೆ ಮಾತು.

ಅವನು ಬೈಕ್ ಮೆಕ್ಯಾನಿಕ್, ನಾನು ಟೈಲರ್. ಅಪ್ಪ ಬಿಟ್ಟುಹೋದ ಒಂದು ಉದ್ದನೆಯ ಕೋಣೆಗೆ ನಡುವೆ ತೆಳ್ಳನೆಯ ಇಟ್ಟಿಗೆ ಗೋಡೆ ಎಬ್ಬಿಸಿಕೊಂಡೆವು. ಆ ಕಡೆ ಅವನ ಗ್ಯಾರೇಜು, ಈ ಕಡೆ ನನ್ನ ಹೊಲಿಗೆ ಅಂಗಡಿ. ಬೀದಿಯವರು ಅವನನ್ನು ಐಡ್ಲಿಂಗ್ ಮೇಷ್ಟ್ರು ಎಂದು ಕರೆಯುತ್ತಾರೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟು, ಕಾರ್ಬುರೇಟರಿನ ಪುಟ್ಟ ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಇಟ್ಟು, ತಲೆ ವಾಲಿಸಿ ಕಣ್ಣು ಮುಚ್ಚುತ್ತಾನೆ. ಮೀಟರಿನ ಗೊಡವೆಯೇ ಇಲ್ಲ. ಚೂರು ಚೂರೇ ತಿರುಗಿಸಿ, ನಿಂತ ಗಾಡಿಯ ಉಸಿರು ಏರದೆ ಇಳಿಯದೆ ಒಂದೇ ಸಮ ಬರುವ ಜಾಗ ಸಿಕ್ಕಿತೆಂದರೆ ಕೈ ತೆಗೆಯುತ್ತಾನೆ.

ಅದರಲ್ಲಿ ನನ್ನದೂ ಒಂದು ಪಾಲಿದೆ. ಬಟ್ಟೆ ಕತ್ತರಿಸುವ ನನ್ನ ಮೇಜು ಆ ಗೋಡೆಗೇ ಅಂಟಿಕೊಂಡಿದೆ, ಅದರ ಮೇಲೆ ಸ್ಟೀಲ್ ತಟ್ಟೆಯಲ್ಲಿ ಗುಂಡುಪಿನ್ನುಗಳಿರುತ್ತವೆ. ಆ ಕಡೆ ಎಂಜಿನ್ ಎಡವುತ್ತಿದ್ದರೆ ಈ ಕಡೆ ಪಿನ್ನುಗಳು ತಟ್ಟೆಯಲ್ಲಿ ಸಣ್ಣಗೆ ತೆವಳುತ್ತವೆ. ಐಡ್ಲಿಂಗ್ ಸರಿಹೋಯಿತೆಂದರೆ ಶಿಸ್ತಾಗಿ ಕೂತುಬಿಡುತ್ತವೆ. ಗೋಡೆ ಕಟ್ಟಿದ ಹೊಸತರಲ್ಲಿ ತಮಾಷೆಗೆಂದು ಶುರುವಾದದ್ದು ಆಮೇಲೆ ಪದ್ಧತಿಯೇ ಆಯಿತು. ಅವನು ಎಂಜಿನ್ ಆರಿಸಿ, ಸ್ಪ್ಯಾನರಿನಿಂದ ಗೋಡೆಗೆ ಬಡಿದು ಕೇಳುತ್ತಾನೆ. ನಾನು ಕತ್ತರಿಯ ಹಿಡಿಯಿಂದ ಉತ್ತರ ಕೊಡುತ್ತೇನೆ. ಒಂದು ಸಲ ಬಡಿದರೆ ಪಿನ್ನು ಕೂತವು, ಎರಡು ಸಲ ಬಡಿದರೆ ಇನ್ನೂ ಇಲ್ಲ. ಅಕ್ಕನ ಒಪ್ಪಿಗೆ ಇಲ್ಲದೆ ಅವನ ಗ್ಯಾರೇಜಿನಿಂದ ಗಾಡಿ ಹೊರಬೀಳುತ್ತಿರಲಿಲ್ಲ.

ಜೋರು ಸದ್ದಿನ ಸೈಲೆನ್ಸರ್ ಕಂಡರೆ ಅವನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹಾಕಿಕೊಡಿ ಎಂದು ಬಂದ ಹುಡುಗರಿಗೆ ಪಾಠವನ್ನೇ ಮಾಡುತ್ತಿದ್ದ. "ಹೊಗೆ ಹೋಗೋ ದಾರಿ ಅಗಲ ಮಾಡಿದ್ರೆ ಎಂಜಿನ್ ಗಾಳಿ ಜಾಸ್ತಿ ಎಳ್ಕೊಳತ್ತೆ. ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಕೊಡಬೇಕು, ಒಳಗೆ ಪೆಟ್ರೋಲ್ ಬಿಡೋ ಜೆಟ್ ಬದಲಾಯಿಸಬೇಕು. ಅದು ಬಿಟ್ಟು ಬರೀ ಐಡ್ಲಿಂಗ್ ಏರಿಸಿ ಕಳಿಸೋದು, ಹಸಿದವನಿಗೆ ಊಟ ಹಾಕದೆ ಓಡು ಓಡು ಅಂದ ಹಾಗೆ!" ಹುಡುಗರು ತಲೆಯಾಡಿಸಿ, ಬೇರೆ ಗ್ಯಾರೇಜಿಗೆ ಹೋಗಿ ಹಾಕಿಸಿಕೊಳ್ಳುತ್ತಿದ್ದರು.

ಅಂಥವನು ಈ ವರ್ಷ ಇದ್ದಕ್ಕಿದ್ದಂತೆ ತಾನೇ ಅವುಗಳನ್ನು ಹಾಕತೊಡಗಿದ. ಕೇಳಿದವರಿಗಷ್ಟೇ ಅಲ್ಲ, ಕೇಳದವರಿಗೂ. "ಈಗಿನ ಗಾಡಿಗಳಿಗೆ ದನೀನೇ ಇಲ್ಲ ಅಕ್ಕ, ಮೂಗರ ಹಾಗೆ. ಇದು ನೋಡು, ಮಾತಾಡತ್ತೆ" ಎಂದ. ಮಾತಾಡುವುದೇನು, ಜಗಳವನ್ನೇ ಆಡುತ್ತಿತ್ತು. ಅಳತೆ ಕೊಡಲು ಬಂದ ಹೆಂಗಸರು ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಪಿನ್ನುಗಳು ತೆವಳುವುದು ಬಿಟ್ಟು ಕುಣಿಯತೊಡಗಿದವು. ಒಂದು ದಿನ ತಟ್ಟೆಯೇ ಕೆಳಗೆ ಬಿತ್ತು. ನಾನು ಗ್ಯಾರೇಜಿಗೆ ನುಗ್ಗಿ ಬಾಯಿಗೆ ಬಂದಂತೆ ಅಂದೆ. ಅವನೂ ಏನೋ ಅಂದ. "ಇನ್ಮೇಲೆ ನಾನು ನಿನ್ನ ಗೋಡೆ ಮುಟ್ಟಿದ್ರೆ ಕೇಳು!" ಎಂದು ಹೇಳಿ ಬಂದೆ.

ಅದು ಸಿಟ್ಟಿನ ಮಾತು, ಮಾರನೆಯ ಬೆಳಿಗ್ಗೆಗೇ ಆರಿತ್ತು. ಅವನು ಬಡಿದ, ನಾನು ಎಂದಿನಂತೆ ಉತ್ತರ ಕೊಟ್ಟೆ, ಎರಡು ಸಲ. ಅವನು ಸ್ಕ್ರೂ ಮುಟ್ಟಲೇ ಇಲ್ಲ, ಗಾಡಿ ಹಾಗೆಯೇ ಕಳಿಸಿಬಿಟ್ಟ. ಮತ್ತೊಂದು ಗಾಡಿ ಬಂತು, ಮತ್ತೆ ಎರಡು ಸಲ ಬಡಿದೆ. ಅದನ್ನೂ ಕಳಿಸಿದ. ನನಗೆ ಮೈಯೆಲ್ಲ ಉರಿಯಿತು. ಎದುರು ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ, ಹಿಂದಿನಿಂದ ಕೂಗಿದರೆ ತಿರುಗುತ್ತಲೂ ಇರಲಿಲ್ಲ. ಜಾಣಕಿವುಡು ಎಂದರೆ ಇದೇ ಅಂದುಕೊಂಡೆ. ಅವನ ಹೆಂಡತಿಯೂ ದೂರಿದಳು. "ಮನೇಲೂ ಅಷ್ಟೇ ಅತ್ತಿಗೆ, ಗೋಡೆ ಜೊತೆ ಮಾತಾಡಿದ ಹಾಗೆ. ಕೇಳಿದ್ರೆ ನಾವೇ ಗೊಣಗ್ತೀವಂತೆ." ಇಷ್ಟು ಹೇಳಿದ ಮೇಲಾದರೂ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಸಿಟ್ಟಿಗೆ ಕಣ್ಣು ಕಡಿಮೆ.

ಬಡಿಯುವುದನ್ನು ಮಾತ್ರ ನಾನು ಒಂದು ದಿನವೂ ಬಿಡಲಿಲ್ಲ. ಹಟ ಅನ್ನಿ, ಅಭ್ಯಾಸ ಅನ್ನಿ.

ಅಷ್ಟರಲ್ಲಿ ನರ್ಸಮ್ಮನ ಗಾಡಿ ಬಂತು. ಈಕೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವಳು, ಬೆಳಗಾದರೆ ಬೈಕಿನ ಮೇಲೆಯೇ. ಹಳೆಯ ಸೈಲೆನ್ಸರ್ ತುಕ್ಕು ತಿಂದು ತೂತಾಗಿತ್ತು ಅಷ್ಟೇ. ಇವನು ಅದರ ಜಾಗಕ್ಕೆ ಗದ್ದಲದ್ದನ್ನು ಕೂರಿಸಿ ಕಳಿಸಿದ್ದ. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಆಫ್ ಆಗುತ್ತದೆ ಎಂದು ಅವಳು ವಾಪಸ್ ತಂದಳು. ಐಡ್ಲಿಂಗ್ ಏರಿಸಿ ಕೊಟ್ಟ. ಹುಡುಗರಿಗೆ ಏನು ಮಾಡಬೇಡಿ ಎಂದು ಪಾಠ ಹೇಳುತ್ತಿದ್ದನೋ ಅದನ್ನೇ ಮಾಡಿದ. ಈಗ ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯದೆ, ಇಳಿಜಾರಿನಲ್ಲಿ ಒಂದು ತಳ್ಳುಗಾಡಿಗೆ ಗುದ್ದಿಕೊಂಡು, ಮೊಣಕೈ ತರಚಿಕೊಂಡು ಬಂದಿದ್ದಳು.

"ಮೇಷ್ಟ್ರೇ, ಇದು ನನ್ನ ಮಾತೇ ಕೇಳ್ತಿಲ್ಲ" ಎಂದು ಅವಳು ಜೋರಾಗಿಯೇ ಅಂದದ್ದು ನನಗೆ ಕೇಳಿಸಿತು.

ಅವನು ಮತ್ತೆ ಸ್ಕ್ರೂ ತಿರುಗಿಸಿದ. ತಟ್ಟೆಯಲ್ಲಿ ಪಿನ್ನುಗಳು ಗುಂಪುಗುಂಪಾಗಿ ಸರಿದು ಅಂಚು ಸೇರುತ್ತಿದ್ದವು. ಎಂಜಿನ್ ಹಸಿವಿನಿಂದ ಒದ್ದಾಡುತ್ತಿರುವುದು ಹೊಲಿಗೆಯವಳಾದ ನನಗೇ ತಿಳಿಯುತ್ತಿತ್ತು. ಈ ಸಲ ಗೋಡೆಯ ಮೂಲಕ ಹೇಳಿದರೆ ಆಗದು, ಮುಖಕ್ಕೇ ಹೇಳುತ್ತೇನೆಂದು ಕತ್ತರಿ ಹಿಡಿದೇ ಹೊರಟೆ. ಇವತ್ತು ಗಾಡಿ ಹೀಗೇ ಹೋದರೆ ನಾಳೆ ನರ್ಸಮ್ಮನಿಗೆ ಮೊಣಕೈಯಷ್ಟೇ ತರಚುವುದಿಲ್ಲ, ಇವನ ಹೆಸರೂ ಉಳಿಯುವುದಿಲ್ಲ.

ನಾನು ಗ್ಯಾರೇಜಿನ ಬಾಗಿಲಿಗೆ ಬಂದಾಗ ಅವನು ಎಂಜಿನ್ ಆರಿಸಿ, ನನಗೆ ಬೆನ್ನು ಹಾಕಿ, ಸ್ಪ್ಯಾನರಿನಿಂದ ಗೋಡೆಗೆ ಬಡಿಯುತ್ತಿದ್ದ. "ಲೋ" ಅಂದೆ. ತಿರುಗಲಿಲ್ಲ. ಕತ್ತರಿಯಿಂದ ಕಬ್ಬಿಣದ ಬಾಗಿಲಿಗೆ ಫಟ್ ಎಂದು ಹೊಡೆದೆ. ನರ್ಸಮ್ಮ ಬೆಚ್ಚಿಬಿದ್ದು ನೋಡಿದಳು. ಅವನು ಮಾತ್ರ ಗೋಡೆಯತ್ತ ತಲೆ ವಾಲಿಸಿಕೊಂಡು, ಕಾಯುತ್ತ, ಹಾಗೇ ನಿಂತಿದ್ದ. ಆಮೇಲೆ ನರ್ಸಮ್ಮನ ಕಡೆ ತಿರುಗಿ ನಕ್ಕ.

"ಒಂದೇ ಸಲ ಬಡಿದ್ಲು. ಅಕ್ಕ ಓಕೆ ಅಂದ್ಲು, ತಗೊಂಡು ಹೋಗಿ."

ಗೋಡೆಯ ಆ ಕಡೆ ಯಾರೂ ಇರಲಿಲ್ಲ. ಅಕ್ಕ ಅವನ ಬೆನ್ನ ಹಿಂದೆ ಕತ್ತರಿ ಹಿಡಿದು ನಿಂತಿದ್ದಳು.

ನರ್ಸಮ್ಮ ಬಾಯಿ ತೆರೆದಳು. ಬೇಡ ಎಂದು ಕೈಸನ್ನೆ ಮಾಡಿದೆ. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ, ಕತ್ತರಿ ಕೆಳಗಿಳಿಸಿದೆ. ನಿಧಾನಕ್ಕೆ ಸುತ್ತಿಕೊಂಡು ಅವನೆದುರು ಹೋಗಿ ನಿಂತೆ. ನನ್ನನ್ನು ಕಂಡದ್ದೇ ಅವನ ಮುಖ ಕೆಂಪಗಾಯಿತು, ಕದ್ದು ಸಿಕ್ಕಿಬಿದ್ದವನ ಹಾಗೆ.

"ಪಿನ್ನು ಕೂತಿಲ್ಲ ಕಣೋ" ಎಂದೆ.

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಎಷ್ಟು ದಿನದಿಂದ ಹೀಗೆ ತುಟಿ ನೋಡಿಕೊಂಡು ಕಾಲ ತಳ್ಳುತ್ತಿದ್ದನೋ. "ಏನ್ ಮಾಡ್ಲಿ" ಎಂದ, ತೀರಾ ಸಣ್ಣ ದನಿಯಲ್ಲಿ. "ನೀನು ಗೋಡೆ ಮುಟ್ಟಲ್ಲ ಅಂದೆ. ಅವತ್ತಿಂದ ಬಡೀಲೇ ಇಲ್ಲ. ಅಕ್ಕ ನನ್ನ ಕೈಬಿಟ್ಲು ಅಂತ ಬಂದವರಿಗೆ ಹೇಳೋಕಾಗತ್ತಾ? ಅದಕ್ಕೇ ಓಕೆ ಅಂದ್ಲು, ಓಕೆ ಅಂದ್ಲು ಅಂತ ಕಳಿಸ್ತಿದ್ದೆ."

ಗ್ರೀಸ್ ಮೆತ್ತಿದ ಅವನ ಅಂಗೈಯನ್ನು ಹಿಡಿದು ಗೋಡೆಯ ಮೇಲೆ ಒತ್ತಿಟ್ಟೆ, ತೆಗೀಬೇಡ ಎಂದು ಸನ್ನೆ ಮಾಡಿದೆ. ಅಂಗಡಿಗೆ ಓಡಿ ಅದೇ ಜಾಗಕ್ಕೆ ಕತ್ತರಿಯ ಹಿಡಿಯಿಂದ ಬಡಿದೆ. ಎರಡು ಸಲ. ಸ್ವಲ್ಪ ತಡೆದು ಮತ್ತೆ ಎರಡು ಸಲ.

ನರ್ಸಮ್ಮ ಆಮೇಲೆ ತಾನೇ ಜೊತೆಗಿದ್ದು ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳ ಗಾಡಿಗೆ ಸದ್ದು ಮಾಡದ ಸೈಲೆನ್ಸರ್ ಬಂತು. ಅವನು ಅಂಗೈಯನ್ನು ಗೋಡೆಗಿಟ್ಟುಕೊಂಡೇ ಅದರ ಐಡ್ಲಿಂಗ್ ಕೂರಿಸಿದ, ಈಗಲೂ ಹಾಗೇ ಮಾಡುತ್ತಾನೆ. ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನಾನು ಏದುಸಿರು ಬಿಡುತ್ತ ಗ್ಯಾರೇಜಿಗೆ ವಾಪಸ್ ಬಂದಾಗ ಅವನ ಕೈ ಇನ್ನೂ ಗೋಡೆಯ ಮೇಲೆಯೇ ಇತ್ತು, ಕಣ್ಣು ತುಂಬಿದ್ದವು.

"ದಿನಾ ಬಡೀತಿದ್ಯಾ?"

ಹೌದು ಎಂದು ತಲೆಯಾಡಿಸಿದೆ. ಕಿವಿ ಕೇಳುತ್ತಿಲ್ಲ ಎಂಬುದನ್ನು ಇವನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಬೆರಳಿನಿಂದ ನನ್ನ ಕಿವಿ ಮುಟ್ಟಿ ತೋರಿಸಿದೆ. ಅವನು ಚಿಕ್ಕಂದಿನಲ್ಲಿ ಪೆಟ್ಟು ತಪ್ಪಿದಾಗ ಬಿಡುತ್ತಿದ್ದನಲ್ಲ, ಅಂಥದೇ ಉದ್ದನೆಯ ಉಸಿರು ಬಿಟ್ಟು, ಮುಂಗೈಯಿಂದ ಕಣ್ಣೊರೆಸಿಕೊಂಡ.

"ಹಾಗಾದ್ರೆ ಹೋಗಿರೋದು ಬರೀ ಕಿವೀನಾ ಅಕ್ಕಾ?"